ಸೋವಿಯತ್ ಕ್ಯಾಮೆರಾ: ಗಟ್ಟಿ ಮಾಲೋ, ಗುಜರಿಯೋ?

ಹಳೇ ರೀಲ್ ಕ್ಯಾಮೆರಾದ ಹುಚ್ಚು ಹತ್ತಿದವರ ನಡುವೆ ಸೋವಿಯತ್ ಕ್ಯಾಮೆರಾದ ಮಾತು ಬಂದರೆ ಸಾಕು, ಎರಡು ಪಕ್ಷ ಆಗಿಬಿಡುತ್ತವೆ. ಕಲ್ಲಿನ ಮೇಲೆ ಬಿದ್ದರೂ ಏನೂ ಆಗಲ್ಲ ಅಂತ ಒಬ್ಬರು. ಎರಡು ರೀಲು ಮುಗಿಯುವಷ್ಟರಲ್ಲಿ ಶಟರ್ (ಫಿಲ್ಮಿಗೆ ಬೆಳಕು ಬಿಡುವ ಪರದೆ) ಕೈಕೊಟ್ಟಿತು ಅಂತ ಇನ್ನೊಬ್ಬರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರ ಕೈಯಲ್ಲಿರುವುದು 1957ರ ಫೆಡ್-2, ಇನ್ನೊಬ್ಬರದ್ದು 80ರ ದಶಕದ ಝೆನಿಟ್. ಎರಡನ್ನೂ ‘ರಷ್ಯನ್ ಕ್ಯಾಮೆರಾ’ ಅಂತ ಒಂದೇ ಗೂಟಕ್ಕೆ ಕಟ್ಟಿದ್ದರಿಂದ ಈ ಜಗಳ ಮುಗಿಯುತ್ತಿಲ್ಲ. ಅಸಲಿಗೆ ಫೆಡ್ ರಷ್ಯಾದ್ದೇ ಅಲ್ಲ, ಉಕ್ರೇನಿನ ಖಾರ್ಕಿವ್‌ನದ್ದು.

ಕಥೆ ಶುರುವಾಗುವುದೂ ಅಲ್ಲಿಂದಲೇ. 1927ರಲ್ಲಿ ಖಾರ್ಕಿವ್ ಹತ್ತಿರ ಬೀದಿಮಕ್ಕಳಿಗಾಗಿ ಒಂದು ದುಡಿಮೆಯ ಶಾಲೆ ತೆರೆದರು. ನಡೆಸುತ್ತಿದ್ದವರು ಶಿಕ್ಷಣತಜ್ಞ ಆಂಟನ್ ಮಕರೆಂಕೊ. ಸೋವಿಯತ್ ರಹಸ್ಯ ಪೊಲೀಸ್ ಪಡೆ ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಝೆರ್ಝಿನ್‌ಸ್ಕಿಯ ಹೆಸರನ್ನು ಶಾಲೆಗೆ ಇಟ್ಟರು. ಆ ಹೆಸರಿನ ಮೊದಲಕ್ಷರಗಳೇ ಫೆಡ್. ಮಕ್ಕಳು ಮೊದಲು ಮಾಡಿದ್ದು ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್. ಆಮೇಲೆ ಜರ್ಮನಿಯ ಲೈಕಾ ಕ್ಯಾಮೆರಾ ಬಿಚ್ಚಿ, ಒಂದೊಂದೇ ಭಾಗ ಅಳೆದು, ಅದರಂತೆಯೇ ಮಾಡಿದರು. 1934ರಿಂದ ಸಾಲಾಗಿ ತಯಾರಿಕೆ ಶುರುವಾಯಿತು. ಯುದ್ಧ ಬರುವಷ್ಟರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕ್ಯಾಮೆರಾ ಹೊರಬಂದಿದ್ದವು.

ಈ ಕಾಲದ ಫೆಡ್‌ಗಳಲ್ಲಿ ಒಂದು ತೊಡಕಿದೆ. ಲೆನ್ಸಿಗೂ ಫಿಲ್ಮಿಗೂ ನಡುವೆ ಇರಬೇಕಾದ ದೂರ ಎಲ್ಲ ಬಾಡಿಗಳಲ್ಲೂ ಒಂದೇ ಆಗಿರಲಿಲ್ಲ. ಪ್ರತಿ ಲೆನ್ಸನ್ನೂ ಅದರದೇ ಬಾಡಿಗೆ ಹೊಂದಿಸಿ ಕಳಿಸುತ್ತಿದ್ದರು. ಹಾಗಾಗಿ ಒಂದರ ಲೆನ್ಸ್ ತೆಗೆದು ಇನ್ನೊಂದಕ್ಕೆ ಹಾಕಿದರೆ ಫೋಕಸ್ ಕೆಡುತ್ತದೆ. ಹೊಸ ಮಾಲಕರು ಇದನ್ನು ಕಾರ್ಖಾನೆಯ ಬೇಜವಾಬ್ದಾರಿ ಅನ್ನುತ್ತಾರೆ. ಬಾಡಿ ಮತ್ತು ಲೆನ್ಸಿನ ಜೋಡಿ ಅಗಲದಿದ್ದರೆ ಅದೇ ಕ್ಯಾಮೆರಾ ಇವತ್ತಿಗೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

1941ರಲ್ಲಿ ಖಾರ್ಕಿವ್ ಜರ್ಮನರ ಕೈಗೆ ಹೋಯಿತು, ಫೆಡ್ ಯಂತ್ರಗಳು ಸೈಬೀರಿಯಾಕ್ಕೆ ಹೋದವು, ಯುದ್ಧ ಮುಗಿದ ಮೇಲೆ ಜರ್ಮನಿಯ ಝೈಸ್ ಕಂಪನಿಯ ನಕ್ಷೆ, ಯಂತ್ರ, ಬಿಡಿಭಾಗಗಳು ಪರಿಹಾರದ ಲೆಕ್ಕದಲ್ಲಿ ಕೀವ್ ನಗರದ ಆರ್ಸೆನಲ್ ಕಾರ್ಖಾನೆಗೆ ಬಂದವು. ಅಲ್ಲಿ 1947ರಿಂದ ಝೈಸ್‌ನ ಕಾಂಟ್ಯಾಕ್ಸ್ ಕ್ಯಾಮೆರಾವೇ ‘ಕೀವ್’ ಆಗಿ ಹೊರಬಂತು. ಮೊದಮೊದಲ ಕೀವ್‌ಗಳ ಒಳಗೆ ಜರ್ಮನ್ ಭಾಗಗಳೇ ಇದ್ದವು. 1948ರಲ್ಲಿ ಮಾಸ್ಕೋ ಹತ್ತಿರದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ ಫೆಡ್ ನಕ್ಷೆ ಹಿಡಿದು ‘ಝೋರ್ಕಿ’ ಶುರುಮಾಡಿತು.

ನಕಲು ಅಂತ ಮೂಗು ಮುರಿಯುವವರು ಒಂದು ವಿಷಯ ಮರೆಯುತ್ತಾರೆ. ಆ ಹೊತ್ತಿನಲ್ಲಿ ಜಪಾನಿನ ಕ್ಯಾನನ್, ನಿಕ್ಕಾ ಕೂಡ ಲೈಕಾ ದಾರಿಯಲ್ಲೇ ನಡೆಯುತ್ತಿದ್ದವು. ಅವರನ್ನು ಯಾರೂ ಇಷ್ಟು ಕಾಡುವುದಿಲ್ಲ, ಅಲ್ವಾ?

ನನ್ನ ಪ್ರಕಾರ ಈ ಇತಿಹಾಸದ ಒಳ್ಳೆಯ ಕಾಲ 50ರ ದಶಕದ ನಡುವಿನಿಂದ 60ರ ದಶಕದ ಆರಂಭದವರೆಗೆ. 1955ರಲ್ಲಿ ಬಂದ ಫೆಡ್-2 ನೋಡಿ. ಹಳೇ ಲೈಕಾದಲ್ಲಿ ರೀಲು ಹಾಕಬೇಕಾದರೆ ತುದಿ ಕತ್ತರಿಸಿ ಕೆಳಗಿನಿಂದ ತೂರಿಸಬೇಕಿತ್ತು. ಇದರಲ್ಲಿ ಹಿಂಬದಿಯನ್ನೇ ಪೂರ್ತಿ ಬಿಚ್ಚಿ ಇಡಬಹುದು. ದೂರ ಅಳೆಯುವ ಎರಡು ಕಿಟಕಿಗಳ ನಡುವಿನ ಅಂತರ 67 ಮಿಲಿಮೀಟರ್. ಅಂತರ ಜಾಸ್ತಿ ಇದ್ದಷ್ಟೂ ಫೋಕಸ್ ಹೆಚ್ಚು ನಿಖರ. ಕನ್ನಡಕದವರು ತಮ್ಮ ಕಣ್ಣಿಗೆ ತಕ್ಕಂತೆ ಹೊಂದಿಸಿಕೊಳ್ಳಲು ಒಂದು ಸಣ್ಣ ಲಿವರ್ ಕೂಡ ಉಂಟು. ಶಟರ್ ವೇಗ ಮೊದಮೊದಲಿನವುಗಳಲ್ಲಿ 1/25ರಿಂದ 1/500 ಸೆಕೆಂಡ್. ಅದಕ್ಕಿಂತ ನಿಧಾನದ ವೇಗಗಳೇ ಇಲ್ಲ. ಇದು ಕೊರತೆಯಂತೆ ಕಂಡರೂ ಫೆಡ್-2 ಬಾಳಿಕೆಯ ಗುಟ್ಟು ಇಲ್ಲೇ ಇದೆ. ನಿಧಾನದ ವೇಗಕ್ಕೆ ಹಲ್ಲುಚಕ್ರಗಳ ಇನ್ನೊಂದು ಜೋಡಣೆ ಬೇಕು. ಅದಿಲ್ಲ ಅಂದಮೇಲೆ ಅದು ಕೆಡುವ ಮಾತೂ ಇಲ್ಲ.

1956ರ ಝೋರ್ಕಿ-4ರಲ್ಲಿ ಆ ಜೋಡಣೆ ಇದೆ. ಒಂದು ಸೆಕೆಂಡಿನಿಂದ 1/1000ರವರೆಗೆ ಎಲ್ಲವೂ ಒಂದೇ ಡಯಲ್ ಮೇಲೆ. ನೋಡಲು ಚೆಂದ, ಕಣ್ಣಿಡುವ ಕಿಟಕಿ ದೊಡ್ಡದು, ಮಾರಾಟವೂ ಜೋರು. ಸುಮಾರು 17 ಲಕ್ಷ ತಯಾರಾದವು. ಆದರೆ ಒಂದು ನಿಯಮವಿದೆ: ಮೊದಲು ಶಟರ್‌ಗೆ ಕೀ ಕೊಡಬೇಕು, ಆಮೇಲೆ ವೇಗ ಬದಲಿಸಬೇಕು. ಈ ಕ್ರಮ ಬಂದದ್ದು ಹಳೇ ಲೈಕಾದಿಂದಲೇ. ಅಲ್ಲಿ ತಪ್ಪಿದರೆ ಡಯಲ್ ಗುರುತು ಸರಿಯಾಗಿ ಓದಲು ಬರುವುದಿಲ್ಲ, ಅಷ್ಟೇ. ಝೋರ್ಕಿ-4ರಲ್ಲಿ ತಪ್ಪಿದರೆ ಒಳಗಿನ ಭಾಗವೇ ಕೆಟ್ಟುಹೋಗಬಹುದು. ಕ್ಯಾಮೆರಾ ಜೊತೆ ಬಂದ ರಷ್ಯನ್ ಕೈಪಿಡಿಯಲ್ಲಿ ಇದನ್ನು ಬರೆದಿದ್ದರು. ಐವತ್ತು ವರ್ಷ ಆದ ಮೇಲೆ ಕ್ಯಾಮೆರಾ ಇನ್ನೊಂದು ದೇಶಕ್ಕೆ ಬಂದಾಗ ಕೈಪಿಡಿ ಜೊತೆಗೆ ಬರಲಿಲ್ಲ. ಎಷ್ಟೋ ಝೋರ್ಕಿಗಳು ಕೆಟ್ಟಿದ್ದು ಹೊಸ ಮಾಲಕರು ಸುಮ್ನೆ ಡಯಲ್ ತಿರುಗಿಸಿ ನೋಡಿದಾಗಲೇ ಇರಬೇಕು.

ಲೆನ್ಸುಗಳ ವಿಷಯದಲ್ಲೂ ಇಂಥದ್ದೇ ತಪ್ಪು ತಿಳಿವಳಿಕೆ. 50 ಮಿಲಿಮೀಟರ್‌ನ ಜುಪಿಟರ್-8 ಹುಟ್ಟಿದ್ದು ಝೈಸ್‌ನ ಸೊನ್ನಾರ್ ಲೆನ್ಸಿನ ನಕ್ಷೆಯಿಂದ. ಅದರ ತಿರುಪು ಲೈಕಾದ ಅಳತೆಯದ್ದೇ. ಹಾಗಾಗಿ ಜನ ಅದನ್ನು ತಂದು ನೇರವಾಗಿ ಲೈಕಾ ಬಾಡಿಗೆ ಹಾಕುತ್ತಾರೆ. ಹತ್ತಿರದ ಮುಖದ ಚಿತ್ರ ತೆಗೆದರೆ ಕಣ್ಣಿನ ಬದಲು ಬೇರೆಲ್ಲೋ ಫೋಕಸ್ ಕೂರುತ್ತದೆ. ಕಾರಣ ಇಷ್ಟೇ: ಲೆನ್ಸಿನ ನಾಭಿದೂರ 50 ಮಿಲಿಮೀಟರ್ ಅಂತ ಬರೆದಿದ್ದರೂ ಲೈಕಾದವರ ಲೆಕ್ಕ 51.6, ಝೈಸ್ ಲೆಕ್ಕ 52.4. ಸೋವಿಯತ್ ಬಾಡಿಗಳು ಝೈಸ್ ಲೆಕ್ಕ ಹಿಡಿದವು. ಅದೇ ಲೆನ್ಸ್ ಝೋರ್ಕಿ ಮೇಲೆ ಸರಿಯಾಗಿ ಕೂರುತ್ತದೆ.

ಹಾಗಾದರೆ ಕೆಟ್ಟ ಹೆಸರು ಬಂದದ್ದೆಲ್ಲ ಬಳಸುವವರ ತಪ್ಪಿನಿಂದಲೇ? ಹಾಗೇನೂ ಅಲ್ಲ. ಆರ್ಸೆನಲ್, ಕ್ರಾಸ್ನೊಗೋರ್ಸ್ಕ್ ಎರಡೂ ಸೇನೆಗೆ ದುರ್ಬೀನು, ಗುರಿಗಾಜು ಮಾಡುತ್ತಿದ್ದ ಕಾರ್ಖಾನೆಗಳು. ಫೆಡ್ ವಿಮಾನದ ಭಾಗಗಳನ್ನು ಮಾಡುತ್ತಿತ್ತು. ಕ್ಯಾಮೆರಾ ಅಲ್ಲಿ ಪಕ್ಕದ ಕೆಲಸ. ಗುರಿ ಇಷ್ಟು ಸಾವಿರ ಅಂತ ಯೋಜನೆಯಲ್ಲಿ ಬರೆದಿರುತ್ತಿತ್ತು. ತಿಂಗಳ ಕೊನೆಗೆ ಲೆಕ್ಕ ತುಂಬಿಸಲು ಗಡಿಬಿಡಿ. ಇದು ಕ್ಯಾಮೆರಾಕ್ಕೆ ಮಾತ್ರ ಬಂದ ರೋಗವಾಗಿರಲಿಲ್ಲ. 1967ರಲ್ಲಿ ಸರ್ಕಾರವೇ ‘ಗುಣಮಟ್ಟದ ಮುದ್ರೆ’ ಅಂತ ಐದು ಮೂಲೆಯ ಗುರುತು ತರಬೇಕಾಯಿತು. ಬ್ರಿಟನ್ನಿನಲ್ಲಿ ಆಮದು ಮಾಡುತ್ತಿದ್ದವರು ಮಾರುವ ಮುಂಚೆ ತಾವೇ ಇನ್ನೊಮ್ಮೆ ಪರೀಕ್ಷೆ ಮಾಡುತ್ತಿದ್ದರು. ನಕ್ಷೆ ಒಳ್ಳೆಯದು, ಗಾಜು ಒಳ್ಳೆಯದು, ಜೋಡಿಸಿದ ದಿನ ಹೇಗಿತ್ತೋ ಗೊತ್ತಿಲ್ಲ ಅನ್ನುವ ಸ್ಥಿತಿ. ಬರಬರುತ್ತಾ ಇದು ಜಾಸ್ತಿಯೇ ಆಯಿತು. 80ರ ದಶಕದ ಕೀವ್‌ಗೂ 50ರ ದಶಕದ ಕೀವ್‌ಗೂ ಮೈಮೇಲಿನ ಲೋಹದ ನುಣುಪಿನಲ್ಲೇ ವ್ಯತ್ಯಾಸ ಕಾಣುತ್ತದೆ.

ಝೆನಿಟ್ ಇದೇ ವ್ಯವಸ್ಥೆಯ ಕೂಸು. ಝೋರ್ಕಿ ಬಾಡಿಯೊಳಗೆ ಕನ್ನಡಿ ಕೂರಿಸಿ 50ರ ದಶಕದ ಆರಂಭದಲ್ಲಿ ಮಾಡಿದ ಎಸ್‌ಎಲ್‌ಆರ್ (ಲೆನ್ಸಿನ ಮೂಲಕವೇ ಕನ್ನಡಿಯಲ್ಲಿ ನೋಡಿ ತೆಗೆಯುವ ಕ್ಯಾಮೆರಾ) ಅದು. 1965ರ ಝೆನಿಟ್-ಇ ಒಂದನ್ನೇ ಕ್ರಾಸ್ನೊಗೋರ್ಸ್ಕ್ 30 ಲಕ್ಷಕ್ಕೂ ಮೀರಿ ಮಾಡಿತು, ಬೆಲಾರುಸ್‌ನಲ್ಲಿ ಮಾಡಿದ್ದು ಬೇರೆ. ಭಾರ, ಒರಟು, ಕಿಟಕಿಯಲ್ಲಿ ಕಾಣುವುದು ಚಿತ್ರದ ನಡುಭಾಗ ಮಾತ್ರ. ವೇಗಗಳು 1/30ರಿಂದ 1/500. ಆದರೂ ಜೊತೆಗೆ ಬಂದ ಹೇಲಿಯೋಸ್-44 ಲೆನ್ಸ್ ಇವತ್ತು ಕ್ಯಾಮೆರಾಕ್ಕಿಂತ ಹೆಚ್ಚು ಹೆಸರು ಮಾಡಿದೆ. ಹಿಂದಿನ ಎಲೆಗಳನ್ನೆಲ್ಲ ಸುಳಿಯಂತೆ ಸುತ್ತಿಸುವ ಅದರ ಗುಣ ಝೈಸ್‌ನ ಬಯೋಟಾರ್ ಲೆನ್ಸಿನಿಂದ ಬಂದ ಬಳುವಳಿ. ಲೆನಿನ್‌ಗ್ರಾಡ್‌ನ ಲೋಮೋ ಕಾರ್ಖಾನೆಯ ಅಗ್ಗದ ಸ್ಮೇನಾ-8ಎಂ ಎರಡು ಕೋಟಿ ದಾಟಿತು. ಪ್ಲಾಸ್ಟಿಕ್ ಬಾಡಿ, ಮೂರು ಗಾಜಿನ ಲೆನ್ಸ್, ಕೆಡುವಂಥದ್ದು ಕಡಿಮೆ.

ಸೋವಿಯತ್ ಒಕ್ಕೂಟ ಮುಳುಗಿದ ಮೇಲೆ ಇವುಗಳಿಗೆ ಎರಡನೇ ಜೀವ ಬಂತು. 1991ರಲ್ಲಿ ವಿಯೆನ್ನಾದ ವಿದ್ಯಾರ್ಥಿಗಳ ಕೈಗೆ ಪ್ರಾಗ್‌ನಲ್ಲಿ ಲೋಮೋದ ಪುಟ್ಟ ಎಲ್‌ಸಿ-ಎ ಕ್ಯಾಮೆರಾ ಸಿಕ್ಕಿತು. ಅಂಚು ಕತ್ತಲಾಗುವುದು, ಬಣ್ಣ ಗಾಢವಾಗುವುದು ಅವರಿಗೆ ಹಿಡಿಸಿತು. ಮರುವರ್ಷ ಲೋಮೋಗ್ರಫಿ ಸಂಘ ಹುಟ್ಟಿತು, ಅದರ ಬೆನ್ನಿಗೆ ಫ್ಯಾಷನ್ ಹುಟ್ಟಿತು. ಇನ್ನೊಂದು ಕಡೆ ಫೆಡ್, ಝೋರ್ಕಿಗಳ ಮೇಲಿನ ಹೆಸರು ಕೆರೆದು, ಲೈಕಾ ಅಂತ ಕೊರೆದು, ಚಿನ್ನದ ಬಣ್ಣ ಬಳಿದು ಮಾರುವ ದಂಧೆ ನಡೆಯಿತು. ನಾಜಿ ಸೇನೆಯ ಗುರುತು ಇರುವ ‘ಲೈಕಾ’ ಅಗ್ಗಕ್ಕೆ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ಅದು ಬಹುಪಾಲು ಫೆಡ್ ಇಲ್ಲವೇ ಝೋರ್ಕಿಯೇ. ಆಮೇಲೆ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾ ಬಂದು, ಯಾವ ಹಳೇ ಲೆನ್ಸನ್ನಾದರೂ ಒಂದು ಬಳೆ (ಅಡಾಪ್ಟರ್) ಸಿಕ್ಕಿಸಿ ಹಾಕಬಹುದು ಅಂತಾಯಿತು. ಕಡಿಮೆ ಬೆಲೆಗೆ ಸಿಗುತ್ತಿದ್ದ ಹೇಲಿಯೋಸ್ ದುಬಾರಿಯಾಗಿದ್ದು ಹೀಗೆ. 2018ರಲ್ಲಿ ಕ್ರಾಸ್ನೊಗೋರ್ಸ್ಕ್‌ನವರು ಲೈಕಾ ಕಂಪನಿಯ ಜೊತೆ ಸೇರಿಯೇ ‘ಝೆನಿಟ್ ಎಂ’ ಅನ್ನುವ ಡಿಜಿಟಲ್ ಕ್ಯಾಮೆರಾ ತಂದರು. ಅದು ಉಳ್ಳವರ ಮಾಲು ಬಿಡಿ.

ಇವತ್ತು ಕೊಳ್ಳುವವರಿಗೆ ಕಾರ್ಖಾನೆಯ ಗುಣಮಟ್ಟಕ್ಕಿಂತ ವಯಸ್ಸೇ ದೊಡ್ಡ ಸಮಸ್ಯೆ. ಹಳೇ ಗ್ರೀಸ್ ಒಣಗಿ ಅಂಟಾಗಿರುತ್ತದೆ, ಲೆನ್ಸ್ ತಿರುಗಿಸಲು ಬಲ ಬೇಕಾಗುತ್ತದೆ. ಶಟರ್‌ನ ರಬ್ಬರ್ ಬಳಿದ ಬಟ್ಟೆಯ ಪರದೆ ಗಡುಸಾಗಿ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಲೆನ್ಸ್ ತೆಗೆದು, ಹಿಂಬದಿ ಬಿಚ್ಚಿ, ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದರೆ ತೂತು ಕಾಣುತ್ತದೆ. ಝೆನಿಟ್-ಇ ಮುಂದಿನ ಸೆಲೆನಿಯಂ ಬೆಳಕಿನ ಮೀಟರ್ ಸತ್ತಿದ್ದರೆ ಅದನ್ನು ಮರೆತುಬಿಡುವುದೇ ಒಳ್ಳೆಯದು, ಫೋನಿನಲ್ಲಿ ಅಳೆಯಬಹುದು. ನಮ್ಮ ಕರಾವಳಿಯಂಥ ತೇವದ ಊರಿನಲ್ಲಾದರೆ ಲೆನ್ಸ್ ಒಳಗೆ ಬೂಷ್ಟು ಕೂತಿದೆಯಾ ಅಂತ ಮೊದಲೇ ನೋಡಬೇಕು, ಚರ್ಮದ ಚೀಲದೊಳಗೆ ಇಡಲೇಬಾರದು. ಫೆಡ್ ಮತ್ತು ಝೋರ್ಕಿಯ ಪರದೆಯನ್ನು ತಾಳ್ಮೆ ಇರುವ ರಿಪೇರಿಯವರು ಬದಲಿಸಿಕೊಡುತ್ತಾರೆ. ಕೀವ್ ಮಾತು ಬೇರೆ. ಹಿತ್ತಾಳೆ ಪಟ್ಟಿಗಳ ಅದರ ಶಟರ್ ರೇಷ್ಮೆ ಪಟ್ಟಿಯ ಮೇಲೆ ನಿಂತಿದೆ. ಅದು ಹರಿದರೆ ಕೈ ಹಾಕುವವರು ಸಿಗುವುದು ಕಷ್ಟ. ಸಿಕ್ಕರೂ ರಿಪೇರಿ ಖರ್ಚು ಕ್ಯಾಮೆರಾದ ಬೆಲೆಯನ್ನೇ ಮೀರಬಹುದು.