ನೆಲದೊಳಗಿನ ಬಿಸಿ ಮೇಲಕ್ಕೆ ಮಾತ್ರ ಹೋಗುವುದಿಲ್ಲ

ಟೊರೊಂಟೊ, ಷಿಕಾಗೊ ಕಡೆ ನೆಲೆಸಿರುವ ನಮ್ಮವರು ಬೇಸ್‌ಮೆಂಟ್ ಬಾತ್‌ರೂಮಿನ ಹಳೆಯ ಟೈಲ್ಸ್ ಕೀಳದೆ ಅದರ ಮೇಲೇ ಎಲೆಕ್ಟ್ರಿಕ್ ಹೀಟಿಂಗ್ ಮ್ಯಾಟ್ (ಕಾಯುವ ವೈರು ಕೂರಿಸಿದ ಜಾಲರಿ) ಹಾಕಿಸಲು ಕೇಳುತ್ತಾರೆ. ಹಳೆಯ ನೆಲ ಗಟ್ಟಿಯಾಗಿದ್ದರೆ ಧಾರಾಳವಾಗಿ ಹಾಕಬಹುದು. ಆದರೆ ಎಸ್ಟಿಮೇಟ್ ಕೈಗೆ ಬಂದ ಕೂಡಲೇ ಬಿಸಿ ಕೆಳಗೆ ಸೋರುವುದನ್ನು ತಗ್ಗಿಸುವ ಇನ್ಸುಲೇಶನ್ ಬೋರ್ಡಿಗೆ ಕತ್ತರಿ ಬೀಳುತ್ತದೆ. ‘ಬಿಸಿ ಹೇಗೂ ಮೇಲಕ್ಕೇ ಏರುತ್ತದಲ್ಲ, ಅಡಿಗೆ ಅದು ಯಾಕೆ?’

ಮೇಲಕ್ಕೆ ಏರುವುದು ಬಿಸಿ ಗಾಳಿ. ಕಾಂಕ್ರೀಟು, ಟೈಲ್ಸಿನಂಥ ಗಟ್ಟಿ ವಸ್ತುವಿನೊಳಗೆ ಬಿಸಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಎಲ್ಲಿ ತಣ್ಣಗಿದೆಯೋ ಅತ್ತ ಹರಿಯುತ್ತದೆ. ರೂಮಿನಲ್ಲಿ 20 ಡಿಗ್ರಿ, ನೆಲದ ಕಾಂಕ್ರೀಟ್ ಸ್ಲ್ಯಾಬಿನಡಿಯ ಮಣ್ಣಿನಲ್ಲಿ ಹೆಚ್ಚುಕಡಿಮೆ 10 ಡಿಗ್ರಿ. ನಡುವೆ ನಿಮ್ಮ ವೈರು. ಬೋರ್ಡಿಲ್ಲದಿದ್ದರೆ, ಬೆಳಿಗ್ಗೆ ಆನ್ ಆದ ಮ್ಯಾಟು ಮೊದಲು ಕಾಯಿಸುವುದು 4 ಇಂಚಿನ ಕಾಂಕ್ರೀಟನ್ನು. ನಿಮ್ಮ ಸ್ನಾನ ಮುಗಿದ ಮೇಲೆ ನೆಲ ಬೆಚ್ಚಗಾಗುತ್ತದೆ, ಥರ್ಮೋಸ್ಟಾಟ್ ಆಫ್ ಆಗುವುದೇ ಅಪರೂಪ. ಆಗ ‘ಮ್ಯಾಟ್ ಡಿಫೆಕ್ಟಿವ್’ ಎಂದು ಫೋನು ಬರುತ್ತದೆ. ವೈರಿನ ರೆಸಿಸ್ಟೆನ್ಸ್ (ಓಮ್) ಅಳೆದು ನೋಡಿದರೆ ಮ್ಯಾಟು ಸರಿಯಾಗೇ ಇರುತ್ತದೆ.

ಬೋರ್ಡಿನ ಬದಲು ಹೊಳೆಯುವ ಫಾಯಿಲ್ ಹಾಸಿದರೆ ಸಾಲದು. ಫಾಯಿಲ್ ಬಿಸಿಯನ್ನು ಹಿಂದಕ್ಕೆ ಎಸೆಯಬೇಕಾದರೆ ಎದುರಿಗೆ ಗಾಳಿಯ ಸಂದು ಬೇಕು. ಗಾರೆಯೊಳಗೆ ಹೂತರೆ ಅದು ಬರೀ ತಗಡು. ಟೈಲ್ಸ್ ಅಡಿಗೆಂದೇ ಬರುವ 6 ಮಿ.ಮೀ. ದಪ್ಪದ, ಗಟ್ಟಿ ಫೋಮಿನ ಎಕ್ಸ್‌ಪಿಎಸ್ ಬೋರ್ಡ್ ಹಾಕಿ. ಬಿಸಿಯ ಸೋರಿಕೆ ಪೂರ್ತಿ ನಿಲ್ಲದು, ಆದರೆ ನೆಲ ಬೇಗ ಬಿಸಿಯಾಗುತ್ತದೆ. ಎತ್ತರ ಸಿಕ್ಕರೆ ಇನ್ನೂ ದಪ್ಪದ್ದು ಒಳ್ಳೆಯದು.

ಎತ್ತರದ ಲೆಕ್ಕ ಮೊದಲೇ ಹಾಕಿಕೊಳ್ಳಿ: ಬೋರ್ಡು 6, ಅದರಡಿಯ ಅಂಟುಗಾರೆ 3, ಮ್ಯಾಟು ಮುಚ್ಚುವ ಸೆಲ್ಫ್ ಲೆವೆಲರ್ (ಸುರಿದರೆ ತಾನೇ ಸಮತಟ್ಟಾಗುವ ಗಾರೆ) 10, ಹೊಸ ಟೈಲ್ಸು ಅಂಟಿನೊಂದಿಗೆ 11, ಒಟ್ಟು 30 ಮಿ.ಮೀ. ಬಾಗಿಲು ಕೊಯ್ಯಬೇಕು, ಟಾಯ್ಲೆಟ್ಟಿನ ಫ್ಲ್ಯಾಂಜಿಗೆ (ಕಮೋಡು ಕೂರುವ ನೆಲದ ಬಳೆಗೆ) ಎಕ್ಸ್‌ಟೆನ್ಷನ್ ರಿಂಗ್ ಕೂರಿಸಬೇಕು. ಹಳೆಯ ಟೈಲ್ಸನ್ನು ನಾಣ್ಯದಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದನ್ನು ಕಿತ್ತು ಗಾರೆ ತುಂಬಿ, ಉಳಿದದ್ದರ ಜಿಡ್ಡು ತೆಗೆದು ಹೊಳಪನ್ನು ಉಜ್ಜಿ ತರಿತರಿ ಮಾಡಿ.

ಮ್ಯಾಟಿನ ಜಾಲರಿ ಕತ್ತರಿಸಿ ತಿರುಗಿಸಬಹುದು, ವೈರು ಮಾತ್ರ ಎಂದಿಗೂ ಕತ್ತರಿಸಬೇಡಿ. ಉದ್ದ ಕಡಿಮೆಯಾದರೆ ರೆಸಿಸ್ಟೆನ್ಸ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ವೈರು ಅತಿಯಾಗಿ ಕಾಯುತ್ತದೆ. 50 ಚದರಡಿಯ, ಚದರಡಿಗೆ 12 ವ್ಯಾಟಿನ ಮ್ಯಾಟು 120 ವೋಲ್ಟಿನಲ್ಲಿ 600 ವ್ಯಾಟ್, 5 ಆಂಪ್. ಮೀಟರು ಸುಮಾರು 24 ಓಮ್ ತೋರಿಸಬೇಕು. ಪೆಟ್ಟಿಗೆ ಬಿಚ್ಚಿದಾಗ, ಹಾಸಿದ ಮೇಲೆ, ಟೈಲ್ಸ್ ಕೂತ ಮೇಲೆ ಮೂರು ಸಲ ಅಳೆದು ಬರೆದಿಡಿ. ನೆಲದ ಬಿಸಿಯನ್ನು ಥರ್ಮೋಸ್ಟಾಟಿಗೆ ತಿಳಿಸುವ ಸೆನ್ಸರನ್ನು ಎರಡು ವೈರುಗಳ ನಟ್ಟನಡುವೆ, ಪುಟ್ಟ ಕೊಳವೆಯೊಳಗೆ ತೂರಿಸಿ. ಕೆಟ್ಟರೆ ನೆಲ ಒಡೆಯದೆ ಎಳೆದುಕೊಳ್ಳಬಹುದು. ಜಿಎಫ್‌ಸಿಐ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ರಕ್ಷಣೆ) ಇರುವ ಥರ್ಮೋಸ್ಟಾಟನ್ನೇ ಹಾಕಿಸಿ. ಪ್ಯಾನೆಲ್ಲಿನ ಸಂಪರ್ಕ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ, ಪರ್ಮಿಟ್ ನಿಯಮ ಊರಿಂದೂರಿಗೆ ಬೇರೆ.

ಲೆವೆಲರ್ ಸುರಿಯುವ ಮುನ್ನ ಗೋಡೆಗೆ ಅಳತೆ ಟೇಪು ಹಿಡಿದು ಮ್ಯಾಟಿನ ಫೋಟೊ ತೆಗೆದಿಡಿ. ಮುಂದೆ ಬಾಗಿಲಿಗೊಂದು ಸ್ಟಾಪರ್ ಕೂರಿಸಲು ಬರುವವನ ಡ್ರಿಲ್ಲಿಗೆ ವೈರು ಎಲ್ಲಿದೆ ಎಂದು ಗೊತ್ತಿರುವುದಿಲ್ಲ.