ಏರ್ ರೈಫಲ್‌ನ ಚೀಕ್‌ಪೀಸ್‌ಗೆ ಒಂದು ನಾಬ್: ಮನೆಯ ಲೇತ್‌ನಲ್ಲಿ ಕಲಿತದ್ದು

10 ಮೀಟರ್ ಏರ್ ರೈಫಲ್ ಹಿಡಿದಾಗ ಕೆನ್ನೆ ಒರಗುವ ಪಟ್ಟಿ ಇದೆಯಲ್ಲ, ಅದೇ ಚೀಕ್‌ಪೀಸ್. ನನ್ನ ರೈಫಲ್‌ನಲ್ಲಿ ಅದನ್ನು ಏರಿಸಿ ಇಳಿಸೋದಕ್ಕೆ ಆರು ಮೂಲೆಯ ಕೀ ಹಾಕಿ ತಿರುಗಿಸುವ ಒಂದು ಅಲೆನ್ ಸ್ಕ್ರೂ ಇತ್ತು. ಪ್ರತಿ ಸಲ ರೈಫಲ್ ಕೆಳಗಿಟ್ಟು, ಕೀ ಹುಡುಕಿ, ಸಡಿಲಿಸಿ, ಮತ್ತೆ ಹಿಡಿದು ನೋಡಬೇಕಿತ್ತು. ಅಷ್ಟರಲ್ಲಿ ಕೆನ್ನೆ ಮೊದಲು ಎಲ್ಲಿತ್ತು ಅನ್ನೋದೇ ಮರೆತುಹೋಗುತ್ತಿತ್ತು. ಆ ಸ್ಕ್ರೂ ಜಾಗಕ್ಕೆ ಬೆರಳಲ್ಲೇ ತಿರುಗಿಸುವ ನಾಬ್ ಮಾಡಿದೆ. ಲೇತ್, ಅಂದರೆ ಲೋಹವನ್ನು ತಿರುಗಿಸುತ್ತಾ ಕಡೆಯುವ ಯಂತ್ರ, ಕಲಿಯುತ್ತಿರುವವರಿಗೆ ಇದು ಒಳ್ಳೆ ಪಾಠ.

ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? ಗುರಿಹಲಗೆಯಲ್ಲಿ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಗುರಿ ನೋಡುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 0.8 ಮೀಟರ್ ಅಂತರ ಅಂತ ಇಟ್ಟುಕೊಳ್ಳಿ. ಆ ಎರಡು ಸೈಟುಗಳ ಸಾಲು 0.1 ಮಿ.ಮೀ. ತಪ್ಪಿದರೆ ಗುರಿಯಲ್ಲಿ 1.25 ಮಿ.ಮೀ. ತಪ್ಪುತ್ತದೆ. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂತರೆ ಮಾತ್ರ ಕಣ್ಣೂ ಒಂದೇ ಜಾಗಕ್ಕೆ ಬರುತ್ತದೆ. ಪ್ಯಾರಿಸ್‌ನಲ್ಲಿ 2024ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ತ್ರೀ ಪೊಸಿಷನ್ ನೆನಪಿದೆ ಅಲ್ವಾ? ಮಂಡಿಯೂರಿ, ಮಲಗಿ, ನಿಂತು ಹೊಡೆಯಬೇಕು. ಒಂದೊಂದು ಭಂಗಿಯಲ್ಲೂ ತಲೆ ಕೂರುವ ಎತ್ತರ ಬೇರೆ. ಭಂಗಿ ಬದಲಿಸುವಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ. ಅಲ್ಲಿ ಕೀ ಹುಡುಕುತ್ತಾ ಕೂತರೆ ಕಥೆ ಮುಗಿಯಿತು.

ಶುರು ಮಾಡೋ ಮುಂಚೆ ಒಂದು ಗೆರೆ ಎಳೆದುಕೊಳ್ಳಿ. ನಾನು ಮುಟ್ಟುವುದು ಹಿಡಿ, ಕೆನ್ನೆ, ಭುಜಕ್ಕೆ ತಾಗುವ ಭಾಗಗಳನ್ನು ಮಾತ್ರ. ಟ್ರಿಗರ್, ಸೇಫ್ಟಿ, ಗಾಳಿಯ ಸಿಲಿಂಡರ್ ಕಡೆ ಕೈ ಹಾಕುವುದಿಲ್ಲ. ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತದೆ, ಅದು ಮನೆಯಲ್ಲಿ ಕಲಿಯುವ ಕೆಲಸ ಅಲ್ಲವೇ ಅಲ್ಲ. ಬಂದೂಕಿನ ವಿಷಯಕ್ಕೆ ಬಂದರೆ, 1959ರ ಆರ್ಮ್ಸ್ ಆಕ್ಟ್ ಪ್ರಕಾರ ರಿಪೇರಿಗೂ ಮಾರ್ಪಾಡಿಗೂ ಲೈಸೆನ್ಸ್ ಬೇಕು.

ಮೊದಲ ಕೆಲಸ, ಹಳೆ ಸ್ಕ್ರೂ ಯಾವ ಥ್ರೆಡ್ (ಸುರುಳಿ ಎಳೆ) ಅಂತ ತಿಳಿಯೋದು. ದಪ್ಪ ಅಳೆಯುವ ವರ್ನಿಯರ್ ಒಂದನ್ನೇ ನಂಬಬೇಡಿ, ಪಿಚ್ ಗೇಜ್ ಇಟ್ಟು ನೋಡಿ. ಪಿಚ್ ಅಂದರೆ ಒಂದು ಎಳೆಯಿಂದ ಮುಂದಿನ ಎಳೆಗೆ ಇರುವ ಅಂತರ. ಎಂ5 ಸ್ಕ್ರೂವಿನ ದಪ್ಪ 5 ಮಿ.ಮೀ., ಪಿಚ್ 0.8. ಅಮೆರಿಕದ 10-32 ಸ್ಕ್ರೂ 4.83 ಮಿ.ಮೀ., ಪಿಚ್ 0.794. ಕಣ್ಣಿಗೆ ಎರಡೂ ಒಂದೇ ಥರ. 10-32 ತೂತಿಗೆ ಎಂ5 ಹಾಕಿ ತಿರುಗಿಸಿದರೆ ಹಿಡಿದುಕೊಳ್ಳುತ್ತದೆ. ಬಲ ಹಾಕಿದಿರೋ, ರೈಫಲ್‌ನ ಥ್ರೆಡ್ಡೇ ಹಾಳು. ನನ್ನದು ಎಂ6, ಪಿಚ್ 1.

ಲೋಹ 6061 ಅನ್ನೋ ಅಲ್ಯೂಮಿನಿಯಂ ಮಿಶ್ರಲೋಹ, 22 ಮಿ.ಮೀ. ರಾಡ್. ಹಿತ್ತಾಳೆ ನೋಡೋಕೆ ಚೆಂದ, ಆದರೆ ತೂಕ ಲೆಕ್ಕ ಹಾಕಿ: 20 ಮಿ.ಮೀ. ದಪ್ಪ, 18 ಮಿ.ಮೀ. ಉದ್ದದ ನಾಬ್ ಅಲ್ಯೂಮಿನಿಯಂನಲ್ಲಿ ಸುಮಾರು 15 ಗ್ರಾಂ, ಹಿತ್ತಾಳೆಯಲ್ಲಿ 48. ಸ್ಪರ್ಧೆಯಲ್ಲಿ ಏರ್ ರೈಫಲ್ ಒಟ್ಟು 5.5 ಕೆ.ಜಿ. ಮೀರುವ ಹಾಗಿಲ್ಲ.

ವೇಗದ ಲೆಕ್ಕ ಕಂಠಪಾಠ ಮಾಡಬೇಡಿ, ಅರ್ಥ ಮಾಡಿಕೊಳ್ಳಿ. ನಿಮಿಷಕ್ಕೆ ಎಷ್ಟು ಮೀಟರ್ ಲೋಹ ಟೂಲ್ ಮುಂದೆ ಹಾದುಹೋಗಬೇಕು ಅನ್ನೋದೇ ವಿಷಯ. ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್‌ಗೆ 60 ಮೀಟರ್ ಹಿಡಿದೆ. 60,000 ಮಿ.ಮೀ. ಅನ್ನು ರಾಡಿನ ಸುತ್ತಳತೆ 69ರಿಂದ ಭಾಗಿಸಿದರೆ ಸುಮಾರು 870 ಸುತ್ತು. ಅಲ್ಯೂಮಿನಿಯಂ ಟೂಲ್ ತುದಿಗೆ ಅಂಟಿಕೊಳ್ಳುವ ಜಾತಿ. ಬ್ರಷ್‌ನಲ್ಲಿ ಒಂದೆರಡು ಹನಿ ಸೀಮೆಎಣ್ಣೆ ಹಚ್ಚುತ್ತಿದ್ದರೆ ಮೈ ಕನ್ನಡಿ ಥರ ಬರುತ್ತದೆ.

ನರ್ಲಿಂಗ್, ಅಂದರೆ ಬೆರಳು ಜಾರದ ಹಾಗೆ ಹಲ್ಲಿನ ಚಕ್ರ ಒತ್ತಿ ಮೈಯನ್ನು ತರಿತರಿ ಮಾಡೋದು, ಮಾತ್ರ ನಿಧಾನ, 100 ಸುತ್ತಿನ ಆಸುಪಾಸು. ನರ್ಲ್ ಲೋಹವನ್ನು ಕತ್ತರಿಸುವುದಿಲ್ಲ, ಒತ್ತಿ ಮೇಲೆಬ್ಬಿಸುತ್ತದೆ. ಅದಕ್ಕೇ ನಾಬ್ ಸ್ವಲ್ಪ ದಪ್ಪವಾಗುತ್ತದೆ. ಹೆದರಿ ಮೆಲ್ಲಗೆ ಒತ್ತಿದರೆ ಚಕ್ರ ಜಾರಿ ಎರಡು ಸಾಲು ಬೀಳುತ್ತವೆ. ಮೊದಲ ಸುತ್ತಲ್ಲೇ ಗಟ್ಟಿಯಾಗಿ ಒತ್ತಿ, ರಾಡ್ ಹಿಡಿದಿರುವ ಚಕ್ ಅನ್ನು ಕೈಯಲ್ಲಿ ತಿರುಗಿಸಿ ನೋಡಿ, ಆಮೇಲೆ ಮೋಟಾರ್ ಹಾಕಿ. ಕೈಗೆ ಗ್ಲೌಸ್ ಬೇಡವೇ ಬೇಡ, ತಿರುಗುವ ರಾಡ್ ಗ್ಲೌಸ್ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಟ್ಯಾಪ್, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ, ಹಾಕುವಾಗ ನಾನು ಎಡವಿದೆ. ತೂತಿನ ಅಳತೆ ಸುಲಭ: ದಪ್ಪದಲ್ಲಿ ಪಿಚ್ ಕಳೆದರಾಯಿತು, 6ರಲ್ಲಿ 1 ಕಳೆದು 5 ಮಿ.ಮೀ. ಡ್ರಿಲ್. ಆದರೆ ತೂತು ಆಚೆ ಬದಿಗೆ ಹಾಯದ ಕುರುಡು ತೂತು. ಚೂರೆಲ್ಲ ತಳದಲ್ಲಿ ತುಂಬಿತ್ತು, ನಾನು ಗಮನಿಸಲಿಲ್ಲ. ಟ್ಯಾಪ್ ಭಾರವಾಯಿತು. ಇನ್ನೊಂದು ಕಾಲು ಸುತ್ತು ಬರಬಹುದು ಅಂದುಕೊಂಡು ತಿರುಗಿಸಿದೆ. ಟಕ್ ಅಂತ ಮುರಿಯಿತು. ಮುರಿದ ಟ್ಯಾಪ್ ಡ್ರಿಲ್‌ನಷ್ಟೇ ಗಟ್ಟಿ, ತೆಗೆಯೋಕೆ ಆಗಲಿಲ್ಲ. ಮಧ್ಯಾಹ್ನವೆಲ್ಲ ಮಾಡಿದ ನಾಬ್ ಹೋಯಿತು, ನಿಜವಾಗಿ ಅಳು ಬಂತು.

ಎರಡನೆಯ ಸಲ ತೂತನ್ನು ಥ್ರೆಡ್‌ಗಿಂತ 5 ಮಿ.ಮೀ. ಜಾಸ್ತಿ ಆಳ ಮಾಡಿದೆ, ಚೂರು ಕೂರೋದಕ್ಕೆ ಜಾಗ ಬೇಕಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮೂರು ಸುತ್ತಿಗೊಮ್ಮೆ ಟ್ಯಾಪ್ ಹೊರಗೆ ತೆಗೆದು ಒರೆಸಿದೆ. ಸ್ಟೇನ್‌ಲೆಸ್ ಬೋಲ್ಟ್ ತುಂಡು ಮಾಡಿ, ಥ್ರೆಡ್ ಸಡಿಲವಾಗದ ಹಾಗೆ ಹಿಡಿದಿಡುವ ಅಂಟು, ಥ್ರೆಡ್ ಲಾಕರ್, ಹಚ್ಚಿ ಕೂರಿಸಿ, ಒಂದು ರಾತ್ರಿ ಹಾಗೇ ಬಿಟ್ಟೆ. ತುಂಡಿನ ತುದಿಯನ್ನು ಅರದಲ್ಲಿ ಉಜ್ಜಿ ದುಂಡು ಮಾಡಿದ್ದೇನೆ. ಚೂಪಾಗಿದ್ದರೆ ಚೀಕ್‌ಪೀಸ್ ನಿಂತಿರುವ ಕಂಬದಲ್ಲಿ ಕಚ್ಚು ಬೀಳುತ್ತದೆ, ಆಮೇಲೆ ಅದೇ ಕಚ್ಚಿಗೆ ಜಾರಿ ಕೂರುತ್ತದೆ.

ಈಗ ರೈಫಲ್ ಭುಜದಿಂದ ಇಳಿಸದೆ ಎರಡು ಬೆರಳಲ್ಲಿ ಸಡಿಲಿಸುತ್ತೇನೆ. ಕಂಬದ ಮೇಲೆ ಮಿಲಿಮೀಟರ್‌ಗೊಂದು ಸಣ್ಣ ಗೆರೆ ಗೀಚಿದ್ದೇನೆ. ಪುಸ್ತಕದಲ್ಲಿ ಇವತ್ತು ಬರೆದದ್ದು: ನಿಂತು, ದಪ್ಪ ಜಾಕೆಟ್ ಹಾಕಿ, ಏಳನೆಯ ಗೆರೆ.