ದಮ್ಮು ಎದೆಯಲ್ಲಿ, ಕಸರತ್ತು ತೊಡೆಗೆ ಯಾಕೆ?

"ಕೈ ಊರದೆ ಕುರ್ಚಿಯಿಂದ ಏಳಿ, ಕೂತ್ಕೊಳ್ಳಿ. ಹೀಗೇ ಮಾಡ್ತಾ ಇರಿ." ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ, ಇರುವವರು ನನ್ನ ಬಳಿ ಬಂದಾಗ ನಾನು ಮೊದಲು ಮಾಡಿಸುವುದು ಇದನ್ನೇ. ನಾಲ್ಕೈದು ಸಲಕ್ಕೆ ತೊಡೆ ನಡುಗೋಕೆ ಶುರುವಾಗುತ್ತದೆ. "ಯಾಕೆ ನಿಲ್ಲಿಸಿದ್ರಿ? ದಮ್ಮು ಬಂತಾ, ಕಾಲು ಸೋತಿತಾ?" ಅಂತ ಕೇಳಿದರೆ, ಒಂದು ಕ್ಷಣ ಯೋಚಿಸಿ "ಕಾಲು" ಅನ್ನುವವರು ಕಡಿಮೆಯೇನಿಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ. ದಮ್ಮು ಬರುತ್ತದೆ ಅಂತ ನಡೆಯುವುದು ಕಡಿಮೆಯಾಗುತ್ತದೆ, ಕಾಲಿಗೆ ಕೆಲಸವಿಲ್ಲದೆ ಸ್ನಾಯು ಸೊರಗುತ್ತದೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಇನ್ನೂ ಸೊರಗುತ್ತದೆ. ತೊಡೆಯಲ್ಲಿ ಬಹಳ ಹೊತ್ತು ದುಡಿಯಬಲ್ಲ ಎಳೆಗಳ ಪಾಲು ಇಳಿದು, ಬೇಗ ದಣಿಯುವ ಎಳೆಗಳ ಪಾಲು ಏರುತ್ತದೆ. ಅಂಥ ಸ್ನಾಯು ಸ್ವಲ್ಪ ಕೆಲಸಕ್ಕೇ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತದೆ. ಅದರಿಂದ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗುತ್ತದೆ. ಅದನ್ನು ಹೊರಹಾಕೋಕೆ ಮೊದಲೇ ಬಳಲಿದ ಶ್ವಾಸಕೋಶ ಇನ್ನಷ್ಟು ಓಡಬೇಕು. ಹಾಗಾಗಿ ತೊಡೆಯ ಸುಸ್ತು ಎದೆಗೂ ಹತ್ತುತ್ತದೆ.

ಕಸರತ್ತಿನಿಂದ ಶ್ವಾಸಕೋಶ ಸರಿಹೋಗುವುದಿಲ್ಲ, ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯ ಅಂಕಿಗಳು ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತವೆ. ಅದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಆದರೆ ತೊಡೆ ಗಟ್ಟಿಯಾದರೆ ಅದೇ ಕೆಲಸಕ್ಕೆ ಕಡಿಮೆ ಉಸಿರು ಸಾಕು. ಇನ್ನೊಂದು ಅನುಕೂಲವೂ ಇದೆ. ಒಂದೇ ಸಮನೆ ನಡೆದಾಗ ಬರುವಷ್ಟು ಏದುಸಿರು ತೂಕ ಎತ್ತುವಾಗ ಬರುವುದಿಲ್ಲ, ಯಾಕೆಂದರೆ ನಡುನಡುವೆ ಬಿಡುವು ಸಿಗುತ್ತದೆ. ಹಾಗಂತ ನಡಿಗೆ ಬಿಡಬೇಡಿ, ಎರಡೂ ಬೇಕು.

ತೂಕದ ಕಸರತ್ತು ವಾರಕ್ಕೆ 2ರಿಂದ 3 ದಿನ, ನಡುವೆ ಒಂದು ದಿನ ಬಿಡುವು. ಒಂದು ಸುತ್ತಿಗೆ 8ರಿಂದ 12 ಸಲ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. 12 ಸಲ ಮಾಡಿಯೂ ಹಾಯಾಗಿದ್ದರೆ ತೂಕ ಸಾಲದು ಅಂತಲೇ ಅರ್ಥ. ನಮ್ಮಲ್ಲಿ ಬಹಳ ಜನ ಹೆದರಿ ತೀರಾ ಹಗುರ ತೂಕ ಕೊಡುತ್ತಾರೆ. ಅದು ಸುಮ್ನೆ ಕೈಕಾಲು ಆಡಿಸಿದ ಹಾಗೆ ಅಷ್ಟೇ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಉಸಿರಿನ ಪಾಠ. ಏಳುವಾಗ ಎಲ್ಲರೂ ಉಸಿರು ಬಿಗಿ ಹಿಡಿಯುತ್ತಾರೆ. ಕೆನ್ನೆ ಉಬ್ಬುತ್ತದೆ, ಕತ್ತಿನ ನರ ಎದ್ದು ಕಾಣುತ್ತದೆ. ರಕ್ತದೊತ್ತಡ ಏರೋದೇ ಹಾಗೆ. ಕೂತಲ್ಲೇ ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಏಳುವಾಗ ತುಟಿ ಚೂಪು ಮಾಡಿ, ದೀಪ ಅಲುಗಬೇಕು ಆದರೆ ಆರಬಾರದು ಅನ್ನುವಷ್ಟು ಮೆಲ್ಲಗೆ ಊದುತ್ತಾ ಏಳಿ. ಬಾಯಿಬಿಟ್ಟು ಎಣಿಸಿದರೂ ಆಯಿತು. ಎಣಿಸುವವರು ಉಸಿರು ಕಟ್ಟೋಕಾಗಲ್ಲ, ಅಲ್ವಾ?

ತೋಳಿಗೂ ಕೆಲಸ ಕೊಡಬೇಕು. ತಲೆ ಬಾಚುವಾಗ, ಬಟ್ಟೆ ಒಣಹಾಕುವಾಗ ದಮ್ಮು ಬರುವುದೇಕೆ ಗೊತ್ತಾ? ಭುಜದ ಸುತ್ತಲ ಕೆಲವು ಸ್ನಾಯುಗಳು ಉಸಿರಾಟಕ್ಕೂ ಆಸರೆ. ಕೈ ಮೇಲೆತ್ತಿದರೆ ಆ ಆಸರೆ ತಪ್ಪುತ್ತದೆ.

ಶುರು ಮಾಡುವ ಮೊದಲು ವೈದ್ಯರನ್ನು ಕೇಳಿ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡಿದ್ದರೆ ಅವರು ಹೂಂ ಅನ್ನುವವರೆಗೆ ಕಾಯಲೇಬೇಕು. ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಶೇಕಡಾ 88ಕ್ಕಿಂತ ಕೆಳಗೆ ತೋರಿಸಿದರೆ ಸಾಮಾನ್ಯವಾಗಿ ನಿಲ್ಲಿಸುತ್ತೇವೆ. ಆದರೆ ಡಂಬೆಲ್ ಬಿಗಿಯಾಗಿ ಹಿಡಿದ ಕೈಯ ಬೆರಳಲ್ಲಿ ಅಳೆಯಬೇಡಿ. ಸುಳ್ಳೇ ಇಳಿದ ಆ ಅಂಕಿ ನೋಡಿ ಗಾಬರಿಯಾದವರಿದ್ದಾರೆ. ಕೈ ಸಡಿಲ ಬಿಟ್ಟು ನೋಡಿ. ಎದೆನೋವು, ತಲೆಸುತ್ತು ಬಂದರೆ ಅವತ್ತಿಗೆ ಅಲ್ಲಿಗೇ ಬಿಡಿ, ವೈದ್ಯರಿಗೆ ತಿಳಿಸಿ.

ದಮ್ಮು ಉಲ್ಬಣಿಸಿ ಆಸ್ಪತ್ರೆ ಸೇರಿ ಬಂದವರದ್ದು ಬೇರೆ ಕಥೆ. ಕೆಲವೇ ದಿನದ ಹಾಸಿಗೆಗೆ ತೊಡೆ ಬಹಳ ಸೋತಿರುತ್ತದೆ. ಅವರು ಹಳೆಯ ತೂಕವನ್ನೇ ಹುಡುಕುತ್ತಾರೆ, ನಾನು ಅದನ್ನು ಪಕ್ಕಕ್ಕಿಡುತ್ತೇನೆ. ಕುರ್ಚಿಯ ಮೇಲೆ ಒಂದು ದಿಂಬು ಹಾಕಿ ಎತ್ತರ ಮಾಡಿ, ಮೂರು ಸಲ ಎದ್ದರೆ ಆ ದಿನಕ್ಕೆ ಸಾಕು ಅನ್ನುತ್ತೇನೆ.